ಬಲತೋಳು

ಒಂಬತ್ತು ವರ್ಷದಿಂದ ನಾನು
ಎಡತೋಳು ಮಾತ್ರ ಕೂಡಿಸುವವಳು.
ಏಳನೇ ಲೈನು, ಕಿಟಕಿಯಿಂದ ಮೂರನೇ ಮಿಷನ್ನು,
ಗಂಟೆಗೆ ತೊಂಬತ್ತು.
ಬಂಡಲ್ ಬಿಚ್ಚು, ಗುರುತಿಗೆ ಗುರುತು ಇಡು,
ಪೆಡಲ್ ಒತ್ತು, ಮುಂದಕ್ಕೆ ತಳ್ಳು.
ಬರುವಾಗ ಕೈಯಿಲ್ಲದ ಮಗು,
ಹೋಗುವಾಗ ಒಂದೇ ಕೈಯ ಮಗು.
ಆಮೇಲಿನದು ನನಗೆ ಗೊತ್ತಿಲ್ಲ.

ಯಾವ ದೇಶದ ಮಕ್ಕಳೋ. ಕತ್ತಿನ ಚೀಟಿಯಲ್ಲಿ
ವಯಸ್ಸು ಇರುತ್ತದೆ, ಹೆಸರಿರುವುದಿಲ್ಲ:
ಮೂರು-ನಾಲ್ಕು, ನಾಲ್ಕು-ಐದು.
ನಮ್ಮ ಜನ್ವಿತ ನಾಲ್ಕು-ಐದು.

ಗೇಟಿನಲ್ಲಿ ದಿನಾ ಬ್ಯಾಗು ತಡಕುತ್ತಾರೆ,
ಒಂದು ಚೂರು ಬಟ್ಟೆಯೂ ಆಚೆ ಬರುವುದಿಲ್ಲ.
ಕೈ ಕಲಿತದ್ದು ಮಾತ್ರ ಬರುತ್ತದೆ,
ಅದೂ ಅರ್ಧ.

ಈ ಭಾನುವಾರ ಓವರ್‌ಟೈಮ್ ಇರಲಿಲ್ಲ.
ಗೌರಿಬಿದನೂರಿನ ಬಿಸಿಲಿಗೆ ಮನೆಯ ಶೀಟು
ಹಪ್ಪಳ ಸುಡುವಷ್ಟು ಕಾದಿತ್ತು.
ಇವಳ ಅಪ್ಪನ ಲುಂಗಿ, ನೀಲಿ ಚೌಕಳಿಯದು,
ಒಗೆದೊಗೆದು ನೆನೆದ ಅವಲಕ್ಕಿಯಷ್ಟು ಮೆತ್ತಗಾದದ್ದು,
ತೆಗೆದು ನೆಲಕ್ಕೆ ಹಾಸಿದೆ.
‘ಅದು ನನಗಿನ್ನೂ ಬೇಕಿತ್ತಲ್ಲೇ’ ಅಂದರು.
‘ಬೇಕಿದ್ದರೆ ನೀವೇ ಫ್ರಾಕು ಹಾಕಿಕೊಳ್ಳಿ’ ಅಂದೆ.

ಟೇಪು ಹಿಡಿದರೆ ಕಚಗುಳಿ ಅಂತ ಓಡುತ್ತಾಳೆ.
ಕೊನೆಗೆ ಗೋಣೀದಾರದಲ್ಲಿ ಅಳೆದೆ,
ಹೆಗಲಿಂದ ಮೊಣಕೈಗೆ ಒಂದು ಗಂಟು,
ಕಂಕುಳ ಸುತ್ತ ಇನ್ನೊಂದು.
ಲಕ್ಷಗಟ್ಟಲೆ ತೋಳು ಕೂಡಿಸಿದ ನಾನು
ತೋಳೊಳಗೆ ತೋಳಿರುತ್ತದೆ ಅನ್ನುವುದನ್ನೇ
ಮರೆತಿದ್ದೆನೇನೋ: ಬೆವರಿದ ತೋಳು,
ಸೊಳ್ಳೆ ಕಚ್ಚಿದ ಎರಡು ಕೆಂಪು ಚುಕ್ಕಿ,
ಹುಟ್ಟಿದಾಗ ಚುಚ್ಚಿದ ಲಸಿಕೆಯ ಕಲೆ.

ಎದುರುಮನೆ ಖಾತೂನ್‌ಬಿಯ ಕೈಮಿಷನ್ನು.
ಮೋಟರಿಲ್ಲ, ಟಾರ್ಗೆಟ್ಟಿಲ್ಲ, ಬೈಯುವ ಸೂಪರ್‌ವೈಸರ್ ಇಲ್ಲ.
ಮಂಚದ ಮೇಲೆ ಕೂತು ಹುಣಸೆಬೀಜ ಬಿಡಿಸುತ್ತ ಅವರು
‘ಚೌಕಳಿಗೆ ಚೌಕಳಿ ಸೇರಿಸವ್ವಾ, ಇಲ್ಲಾಂದ್ರೆ
ಮಗೂನೇ ಸೊಟ್ಟಗೆ ಕಾಣ್ತದೆ’ ಅಂದರು.

ಎಡತೋಳು ಕೂತಿತು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ.
ಕೈಯೇ ಬಲ್ಲದು, ನಾನು ಬೇಕಾಗಲಿಲ್ಲ.
ಬಲದ ಹತ್ತಿರ ಬಂದು ಎಡವಿದೆ.
ಗುರುತು ಸಿಗಲಿಲ್ಲ. ಬಾಗು ತಿರುಗುಮುರುಗಾಯಿತು.
ಮೂರು ಸಲ ಕೂಡಿಸಿದೆ, ಮೂರು ಸಲ ಬಿಚ್ಚಿದೆ,
ಬಿಚ್ಚಿದ ದಾರ ತುಟಿಗೆ ಅಂಟಿತು.
ಖಾತೂನ್‌ಬಿ ನಗಲಿಲ್ಲ. ಹುಣಸೆಯ ಕೈ
ಸೆರಗಿಗೆ ಒರೆಸಿಕೊಂಡು, ಬಟ್ಟೆ ಮುಟ್ಟದೆ,
‘ಕನ್ನಡಿ ತರ್ಲಾ?’ ಅಂದರು ಅಷ್ಟೆ.

ತಂದರು. ಗಡ್ಡ ಕೆರೆಯುವ ಕನ್ನಡಿ, ಮೂಲೆ ಒಡೆದದ್ದು.
ನನ್ನ ಎಡತೋಳು ಅದರೊಳಗೆ ಬಲತೋಳಾಗಿ ನಿಂತಿತು.
ಅದನ್ನೇ ನೋಡಿ ನೋಡಿ ಹೊಲಿದೆ,
ಪರೀಕ್ಷೆಯಲ್ಲಿ ಕಾಪಿ ಹೊಡೆಯುವವಳ ಹಾಗೆ.

ಸಂಜೆಗೆ ಫ್ರಾಕು ಆಯಿತು. ಗುಂಡಿ ನಾಲ್ಕು,
ನಾಲ್ಕೂ ನಾಲ್ಕು ಅಂಗಿಯವು.
ಮಿಕ್ಕ ಚೂರಲ್ಲಿ ಒಂದು ಆನೆ,
ಹೊಟ್ಟೆ ತುಂಬ ಹುಣಸೆಬೀಜ, ಅಲ್ಲಾಡಿಸಿದರೆ ಗಿಲಕಿ.
ಬಲಹೆಗಲು ಮಾತ್ರ ಪೂರಿಯಂತೆ ಉಬ್ಬಿಕೊಂಡಿತು.
ಜನ್ವಿತ ಬೀದಿಗೆಲ್ಲ ಅದನ್ನೇ ತೋರಿಸಿದಳು:
‘ನಂಗೆ ಜೇಬು ಮೇಲಿದೆ!’
ಆನೆಯನ್ನು ಅಲ್ಲಿಗೇ ತುರುಕಲು ನೋಡಿದಳು.

ಸೋಮವಾರ ಊಟದ ಹೊತ್ತಿಗೆ
ಮುಂದಿನ ಮಿಷನ್ನಿನ ಮುನಿಲಕ್ಷ್ಮಿಯ ಪಕ್ಕ ಕೂತೆ.
ಅವಳದು ಬಲತೋಳು. ಆರು ವರ್ಷದಿಂದ
ನಾನು ತಳ್ಳಿದ್ದನ್ನೇ ಅವಳು ಎತ್ತಿಕೊಳ್ಳುವುದು.
ಅವಳ ಜಡೆ ಗೊತ್ತು, ಬೆನ್ನು ಗೊತ್ತು,
ಮುಖ ಸರಿಯಾಗಿ ನೋಡಿದವಳಲ್ಲ.
ಮುದ್ದೆ ಮುರಿಯುತ್ತ ಕೇಳಿದೆ:
‘ಆ ಬಾಗು ಹೆಂಗೆ ತಿರುಗಿಸ್ತೀಯೇ?’

ಸಾರು ನೆತ್ತಿಗೇರುವ ತನಕ ನಕ್ಕಳು.
‘ಅಯ್ಯೋ ಗಂಗರತ್ನಕ್ಕ,
ಬಲ ಕೂತ್ರೆ ನಂಗೆ ಎಡ ಕೂರಲ್ಲ.
ನನ್ನ ಮಗನಿಗೆ ನಾನು ಹೊಲಿಯೋದೆಲ್ಲ
ತೋಳಿಲ್ಲದ್ದೇ.’

ಬೆಲ್ಲು ಹೊಡೆಯಿತು. ಡಬ್ಬಿ ಮುಚ್ಚುತ್ತ ಹೇಳಿದೆ,
ಲುಂಗಿ ಇನ್ನೂ ಅರ್ಧ ಇದೆ,
ಭಾನುವಾರ ಅವನನ್ನೂ ಕರಕೊಂಡು ಬಾ.