ಹಾಳೆಯ ಹಿಂಬದಿ

ನನ್ನ ಹೆಸರು ಅಸ್ಸೆಲೆಫೆಚ್.
ಯಾವ ಅಸ್ಸೆಲೆಫೆಚ್ ಅಂದರೆ ಮೆಂಗೆಷಾನ ಮಗಳು,
ಯಾವ ಮೆಂಗೆಷಾ ಅಂದರೆ ವೊಂದಿಮುವಿನ ಮಗ.
ಮನೆತನದ ಹೆಸರಿಲ್ಲದ ಅಡಿಸ್ ಅಬಾಬದಲ್ಲಿ
ನಾವೆಲ್ಲ ಮೂರು ಮಟ್ಟದ ಇಂಡೆಕ್ಸುಗಳು.

ಮಳೆಲೆಕ್ಕದ ಕೋಷ್ಟಕವೂ ಹಾಗೇ.
ಹೊಸಬ ನೀನು, ಹೆನೊಕ್, ಕೇಳಿಸಿಕೋ:
'ಮೂರನೇ ಕೆಬೆಲೆ' ಎಂದಷ್ಟೇ ಕೂಗಿದರೆ
ಅರವತ್ತೆರಡು ಊರು ಓ ಅನ್ನುತ್ತವೆ.
ವಲಯ, ವೊರೆದಾ, ಕೆಬೆಲೆ, ವರ್ಷ, ತಿಂಗಳು:
ಹೊರಗಿನಿಂದ ಒಳಗೆ, ಒಂದೊಂದೇ ಬಾಗಿಲು.
ಮೊನ್ನೆ ಮೊದಲಿನೆರಡು ಮಟ್ಟ ಕಿತ್ತೆಯಲ್ಲ,
ಗುಡ್ಡದ ಮಳೆ ಉಪ್ಪುಬಯಲಿನ ಮಳೆಯ ಜೊತೆ ಕಲಸಿ
ಯಾವ ನೆಲದ ಮೇಲೂ ಸುರಿಯದ
ಸರಾಸರಿಯೊಂದು ಹುಟ್ಟಿತು.

ಪರದೆ ನೋಡು. 'ದಕ್ಷಿಣ ವೊಲ್ಲೊ' ಒಂದೇ ಸಲ ಬರೆದಿದೆ,
ಕೆಳಗೆ ನಲವತ್ತು ಸಾಲು ಬೆಳ್ಳಗೆ.
ಖಾಲಿಯಲ್ಲ ಅದು. ಸದರಿ. ಮೇಲಿನದೇ.
ಹೆತ್ತವಳ ಹೆಸರನ್ನು
ಮಕ್ಕಳೆಲ್ಲ ಪ್ರತಿಸಲ ಒಪ್ಪಿಸಬೇಕೇ?

ಬಲಗಡೆಯದು ಬೇರೆ ಖಾಲಿ.
ಯಂತ್ರ ಅದನ್ನು ನ್ಯಾನ್ ಅನ್ನುತ್ತದೆ,
ಯಾರೂ ಅಳೆಯಲಿಲ್ಲ ಅನ್ನುವುದಕ್ಕೆ.
'ಸೊನ್ನೆ ತುಂಬಲಾ?' ಅಂದೆ.
ಬೇಡ ಮಾರಾಯ. ಸೊನ್ನೆಯೆಂದರೆ
ಒಬ್ಬ ಚಳಿಯಲ್ಲಿ ಎದ್ದು ಹೋಗಿ
ಡಬ್ಬಿಯೊಳಗೆ ಇಣುಕಿ
ಒಣಗಿದೆ ಎಂದು ಸಹಿ ಹಾಕಿದ್ದು.

ನಮ್ಮ ವರ್ಷಕ್ಕೆ ಹದಿಮೂರು ತಿಂಗಳು,
ಕೊನೆಯ ಪಗುಮೆಗೆ ಐದೇ ದಿನ, ಒಮ್ಮೊಮ್ಮೆ ಆರು.
ಯಾರೋ ದಾನಿಗಳು ಅಚ್ಚು ಹಾಕಿಸಿಕೊಟ್ಟ ನಮೂನೆಗೆ
ಹನ್ನೆರಡೇ ಮನೆ.

ಕಳೆದ ವಾರ ಹಳೇ ಕಟ್ಟು ಬಿಚ್ಚುವಾಗ ಕರೆಂಟು ಹೋಯಿತು,
ಕಿಟಕಿಯತ್ತ ಹಿಡಿದ ಹಾಳೆ ಮಗುಚಿತು.
ಹಿಂಬದಿಯಲ್ಲಿ ಪೆನ್ಸಿಲ್ಲು:
ಪಗುಮೆ, ೪೧.೫.
ಶಾಲೆ ಮೇಷ್ಟ್ರು ಗಾಷೆ ಲೆಗ್ಗೆಸೆಯ ಕೈಬರಹ.
ಹನ್ನೊಂದು ವರ್ಷ, ಹನ್ನೊಂದು ಹಿಂಬದಿ.
ಫೋನು ಮಾಡಿದೆ. ಕಿವಿ ಮಂದ, ಎರಡು ಸಲ ಕೂಗಬೇಕಾಯಿತು.
'ನಮೂನೆಯಲ್ಲಿ ಜಾಗ ಇರಲಿಲ್ಲ ಮಗಳೇ,
ಮಳೆಗೆ ಅದು ಗೊತ್ತಿರಲಿಲ್ಲ.'

ಈಗ ತಿಂಗಳ ಮಟ್ಟ ಬಿಚ್ಚಿ ಅಡ್ಡಕ್ಕೆ ಹರಡಿದರೆ
ಹದಿಮೂರನೇ ಕಂಬಸಾಲು ಮೂಡುತ್ತದೆ,
ನೆತ್ತಿಯಿಂದ ಪಾದದವರೆಗೆ ನ್ಯಾನ್ ನ್ಯಾನ್ ನ್ಯಾನ್,
ನಡುವೆಲ್ಲೋ ಒಂದೇ ಊರಿನ
ಹನ್ನೊಂದು ಒದ್ದೆ ಅಂಕಿ.

ಇಷ್ಟು ಖಾಲಿ ಕಂಬ ಯಾಕೆಂದು ಡೈರೆಕ್ಟರು ಕೇಳುತ್ತಾರೆ.
ಉತ್ತರ ನೀನು ಕೊಡು.
ನನಗೆ ಇನ್ನೂ ಅರವತ್ತೊಂದು ಕಟ್ಟು
ಮಗುಚಿ ನೋಡುವುದಿದೆ.