ತೊಂಬತ್ತೇಳರಿಂದ ನೂರಿಪ್ಪತ್ತೆಂಟು

ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದು ಮೂವತ್ತೊಂದು ವರ್ಷದ ದಾರ.
ದೀಪಾವಳಿಗೆ ಮುಂಚೆ ಕೆಂಪು ಬಟ್ಟೆಯ ಖಾತೆ ಪುಸ್ತಕ,
ಆಮೇಲೆ ವರ್ಷವಿಡೀ ಕೋರ್ಟಿನ ಕಡತ, ಕಾಲೇಜಿನ ಹರಕು.
ಹೊಲಿದದ್ದೇ ಹೊಲಿದದ್ದು. ಒಳಗೇನಿದೆ ಅಂತ
ಬಗ್ಗಿ ನೋಡಿದವನಲ್ಲ.
ಅಂಗಿಯೊಳಗೆ ಎಂಥ ಮನುಷ್ಯ ಅಂತ ದರ್ಜಿ ಕೇಳುತ್ತಾನೆಯೇ?

ಒಂದು ಭಾನುವಾರ ಕಾಲೇಜು ಮಕ್ಕಳು ಏಳು ಬಂದವು.
ಮುಂದೆ ಆ ಹುಡುಗಿ, ಹಾಜರಿಯಲ್ಲಿ ಉಚ್ಚೆಂಗೆಮ್ಮ,
ಬಾಕಿಯವರಿಗೆ ಉಷಾ.
ಕೈಯಲ್ಲಿ ಒಂದೇ ಒಂದು ಕಾದಂಬರಿ,
ರದ್ದಿಯಂಗಡಿಯಲ್ಲಿ ತೂಕಕ್ಕೆ ಕೊಂಡದ್ದು.
"ಅಜ್ಜಾ, ಇದನ್ನ ಬಿಚ್ಚಿಕೊಡ್ರಿ."
"ಹೊಲಿಯೋದಾ?"
"ಅಲ್ರಿ, ಬಿಚ್ಚೋದು. ಏಳು ಪಾಲು.
ಓದೋ ಬಳಗ ಮಾಡೀವಿ. ಪುಸ್ತಕ ಒಂದೇ ಐತೆ."

ಹಾಕಿದ ಹೊಲಿಗೆ ಬಿಚ್ಚುವುದೆಂದರೆ ನಮ್ಮ ಕಸುಬಿನಲ್ಲಿ
ಉಂಡ ತಟ್ಟೆಗೆ ಉಗಿದ ಹಾಗೆ.
ಆದರೂ ಬ್ಲೇಡು ತೆಗೆದೆ.
ಇನ್ನೂರಿಪ್ಪತ್ತನಾಲ್ಕು ಪುಟ, ಹದಿನಾಲ್ಕು ಫಾರಂ, ತಲೆಗೆ ಎರಡು.
ಒಂದೊಂದು ಪಾಲಿಗೂ ರಟ್ಟು ಇಟ್ಟು ನನ್ನ ಗಂಟು ಹಾಕಿದೆ,
ಎಡಕ್ಕೆ ತಿರುಗಿ ಎರಡು ಸುತ್ತು, ಅಪ್ಪ ಕಲಿಸಿದ್ದು,
ಈ ಊರಲ್ಲಿ ಇನ್ಯಾರ ಬೆರಳಿಗೂ ಬಾರದ್ದು.

ಮುಂದಿನ ಭಾನುವಾರ ಕಾಗದದ ರೀಮುಗಳ ಮೇಲೆ ಕೂತವು,
ಮೈದಾ ಅಂಟು, ಮೈಲುತುತ್ತದ ಘಾಟಿನ ನಡುವೆ.
ಓದಿದವರು ತಮ್ಮ ಪಾಲು ಹೇಳಬೇಕು.
ಮಿರ್ಚಿ ತಿಂದ ಕೈ ಪುಟಕ್ಕೆ ತಾಗಿದರೆ
ಎಲ್ಲರಿಗೂ ಮಂಡಕ್ಕಿ ಕೊಡಿಸುವ ದಂಡ.
ಮೊದಲ ಪಾಲಿನ ತಿಪ್ಪೇಶ ಊರು ಕಟ್ಟಿದವನ ಹಾಗೆ ಬೀಗಿದ.
ಕೊನೆಯ ಪಾಲು ಮುಬೀನಾಳದು.
"ಏನಾತು ಅಂತ ಎಲ್ಲಾ ಗೊತ್ತು ನಂಗೆ,
ಯಾಕೆ ಅಂತ ಮಾತ್ರ ಗೊತ್ತಿಲ್ಲ" ಅಂದಳು.

ನಾಲ್ಕನೆಯ ಪಾಲು ಬರಲಿಲ್ಲ.
ಇಲಿಯಾಸನದು. ತೊಂಬತ್ತೇಳರಿಂದ ನೂರಿಪ್ಪತ್ತೆಂಟು.
ತೊಂಬತ್ತಾರರ ಕೊನೆಗೆ ಒಬ್ಬಳು ದೋಣಿ ಹತ್ತಿದ್ದಳು.
ನೂರಿಪ್ಪತ್ತೊಂಬತ್ತರಲ್ಲಿ ಅದೇ ದಡಕ್ಕೆ ಇಳಿದಳು, ಬರಿಗಾಲು,
ಕೈಯಲ್ಲಿ ಬೇರೆ ಯಾರದೋ ಚಪ್ಪಲಿ.
ನಡುವೆ ಏನಾಯಿತು?
ಮೂರು ಭಾನುವಾರ ಜಗಳವಾಡಿದವು.
ಕೊಲೆ, ಅಂದ ತಿಪ್ಪೇಶ. ಮದುವೆ ಮುರೀತು, ಅಂದಳು ಉಷಾ.
ನಾನು ಅಂಟು ಕಲಸುತ್ತಾ, ಕೇಳದವನ ಹಾಗೆ ಇದ್ದು
ರಾತ್ರಿ ಚಾಪೆಯ ಮೇಲೆ ಆ ಚಪ್ಪಲಿಯನ್ನೇ ಯೋಚಿಸಿದೆ.

ನಾಲ್ಕನೆಯ ವಾರ ಬಂದ. ಹುಬ್ಬಿನ ಮೇಲೆ ಭಟ್ಟಿಯ ಬೂದಿ.
ಅಬ್ಬಾಗೆ ಹುಷಾರಿಲ್ಲ, ರಾತ್ರಿ ಎರಡಕ್ಕೇ ಒಲೆ ಮುಂದೆ.
"ಹೇಳೋ" ಅಂದವು ಎಲ್ಲ.
ಕಣ್ಣು ಮುಚ್ಚಿ ಹೇಳಿದ:
ಹೊಳೆ ನಡುವೆ ಒಂದು ನಡುಗಡ್ಡೆ, ಅಲ್ಲೊಂದು ಭಟ್ಟಿ,
ಕಾದ ಮರಳಲ್ಲಿ ಅಕ್ಕಿ ಹುರಿಯುವ ಒಬ್ಬ ಹೆಂಗಸು.
ಇಡೀ ರಾತ್ರಿ ಇಬ್ಬರೂ ಮಾತಿಲ್ಲದೆ ಹುರಿದರು.
ಬೆಳಗಾದಾಗ ಆ ಹೆಂಗಸಿನ ಚಪ್ಪಲಿಯ ಉಂಗುಟ ಕಿತ್ತಿತ್ತು.
ಹೊಲಿಸಿ ತರ್ತೀನಿ ಅಂತ ಇವಳು ಎತ್ತಿಕೊಂಡು ಬಂದಳು,
ತನ್ನವನ್ನು ಅವಳ ಕಾಲಿಗೆ ಬಿಟ್ಟು.
"ಮರಳು ಕಾದಿರುತ್ತಲ್ಲ" ಅಂದ.
ಯಾರೂ ಮಿರ್ಚಿಗೆ ಕೈ ಹಾಕಲಿಲ್ಲ.

ಪಾಲುಗಳು ವಾಪಸು ಬಂದವು, ಒಟ್ಟು ಹೊಲಿಯಲಿಕ್ಕೆ.
ನಾಲ್ಕನೆಯದರ ಮೇಲೆ ನನ್ನ ಗಂಟು,
ಎಡಕ್ಕೆ ತಿರುಗಿ ಎರಡು ಸುತ್ತು,
ಹಾಕಿದ್ದು ಹಾಕಿದ ಹಾಗೇ.

ಅಂಗಡಿಯ ಬಾಗಿಲು ಅರ್ಧ ಎಳೆದು, ಕನ್ನಡಕ ಒರೆಸಿ,
ಸಾಲಿಗೆ ಬೆರಳಿಟ್ಟು ಮೂವತ್ತೆರಡೂ ಪುಟ ಓದಿದೆ.
ದೋಣಿಯಲ್ಲಿ ಜನ ಜಾಸ್ತಿ, ಇಳಿಯುವ ಗಡಿಬಿಡಿ,
ಚಪ್ಪಲಿ ಅದಲುಬದಲು.
ಅಷ್ಟೇ.

ಯಾರಿಗೂ ಹೇಳಿಲ್ಲ.
ಹೊಲಿಯುವಾಗ ನೂರಿಪ್ಪತ್ತೆಂಟರ ಪಕ್ಕ
ಒಂದು ಖಾಲಿ ಫಾರಂ ಸೇರಿಸಿದೆ, ಹದಿನಾರು ಬಿಳಿ ಪುಟ.
ಉಷಾ ತಿರುವಿ ನೋಡಿದಳು: "ಇದೇನಜ್ಜಾ, ತಪ್ಪಾಗೈತೆ?"
"ಇಲಿಯಾಸಗೆ ಕೊಡು, ಜೊತೆಗೊಂದು ಪೆನ್ನು" ಅಂದೆ.
ಆಮೇಲೆ, ಬ್ಲೇಡಿನ ಅಂಚು ಉಗುರಿಗೆ ತಾಗಿಸುತ್ತಾ:
"ಮುಂದಿನ ಪುಸ್ತಕ ಯಾವ್ದು?
ಎಂಟು ಪಾಲು ಮಾಡೋಣ."