ಗುರುವಾರದ ಬಾಗಿಲು

ಗಂಟೆ ಒತ್ತಿದರೆ ಒಲೆಯ ಪಕ್ಕದ ಬಲ್ಬು
ಮೂರು ಸಲ ಮಿಣುಕಬೇಕು. ಇಷ್ಟೇ ಯಂತ್ರ.
ಕಿವಿ ಪೂರಾ ಹೋದ ಶಾಲನ್ ಕಾಕೂಗೆಂದು ಮಾಡಿಕೊಟ್ಟಿದ್ದೆ,
ಕಸಬಾ ಪೇಠೆಯ ವಾಡೆಯಲ್ಲಿ, ಎರಡನೇ ಮಾಳಿಗೆ, ಎಡಗಡೆ.

ಗುರುವಾರ ಆ ಕಡೆ ಕರೆಂಟಿಗೆ ರಜೆ.
ಅಂಥದೊಂದು ಗುರುವಾರ ಸಾತಾರೆಯಿಂದ ತಂಗಿ ಬಂದಳಂತೆ,
ಗಂಟೆ ಒತ್ತಿ, ಬಾಗಿಲು ಬಡಿದು, ಮೆಟ್ಟಿಲ ಮೇಲೆ ಕೂತು
ತಂದ ಪೇಢೆಯಲ್ಲಿ ತಾನೇ ಎರಡು ತಿಂದು
ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದಳಂತೆ.
ಒಳಗೆ ಕಾಕೂ ಬೆಳ್ಳುಳ್ಳಿ ಸುಲಿಯುತ್ತಿದ್ದರು.
ನನಗೆ ಬೈಯಲಿಲ್ಲ. ಅದೇ ಚುಚ್ಚಿದ್ದು.

ತಪಕೀರ್ ಗಲ್ಲಿಗೆ ಹೋದೆ.
ಹಳೆ ಲ್ಯಾಪ್‌ಟಾಪಿನ ಹೊಟ್ಟೆ ಬಗೆದು ತೆಗೆದ ಸೆಲ್ಲುಗಳು,
ಒಂದಕ್ಕೆ ನಲವತ್ತು. "ಗ್ಯಾರಂಟಿ ಕೇಳಬೇಡಿ, ತಾಈ" ಅಂದ.
ಅವನಿಗೆ ಅಕ್ಕ; ನನ್ನ ಕಿವಿಗೆ ಇಪ್ಪತ್ತು ವರ್ಷವಾದರೂ ತಾಯಿ.
ಮೀಟರು ಹಿಡಿದು ನಾಡಿ ನೋಡಿದೆ:
ಮೂರು ಮುಕ್ಕಾಲು ವೋಲ್ಟು, ಮೂರೂವರೆ,
ಆಮೇಲೊಂದು, ಸೊನ್ನೆ.
ಜೀವವಿದ್ದ ಎರಡನ್ನು ಮನೆಗೆ ತಂದೆ.

ಕರೆಂಟಿದ್ದಾಗ ಉಣ್ಣು, ಇಲ್ಲದಾಗ ಉಣಿಸು.
ಸೆಲ್ಲಿಗೆ ಹೇಳಬೇಕಾದದ್ದು ಇಷ್ಟೇ,
ಹೇಳಲು ಒಂಬತ್ತು ರಾತ್ರಿ ಹಿಡಿಯಿತು.
ಬೆಸುಗೆಯ ಹೊಗೆ, ಸುಟ್ಟ ಹೆಬ್ಬೆರಳು, ಉಲ್ಟಾ ಕೂತ ಡಯೋಡು,
ಹೆಚ್ಚು ಉಂಡರೆ ಉಬ್ಬಿ ಉರಿದೀತೆಂದು
ಸಾಕು ಸಾಕೆನ್ನುವ ಪುಟ್ಟ ಬೋರ್ಡು ಬೇರೆ.

ಕೊನೆಗೆ ರಿಲೇ. ಗೋಡೆಯ ಕರೆಂಟು ಹೋದೊಡನೆ
ಟಿಕ್ ಎಂದು ಬ್ಯಾಟರಿಯ ಕಡೆ ಹೊರಳುತ್ತದೆ.
ಆದರೆ ಆ ಟಿಕ್ಕಿಗೂ ಒಂದು ಅಗಲವಿದೆ,
ಈ ದಡ ಬಿಟ್ಟು ಆ ದಡ ಮುಟ್ಟದ ಹೊತ್ತು,
ಎವೆಯಿಕ್ಕುವುದರೊಳಗೆ ಮುಗಿಯುವಷ್ಟು.
ಅಷ್ಟರಲ್ಲೇ ಯಂತ್ರ ತಾನ್ಯಾರೆಂದು ಮರೆತು
ಹೊಸದಾಗಿ ಹುಟ್ಟಿ ಬಲ್ಬು ಮಿಣುಕಿಸಿಬಿಡುತ್ತದೆ.
ಯಾರೂ ಒತ್ತದ ಗಂಟೆ.

ಕೆಪಾಸಿಟರು ಒಂದು ಹಾಕಿದರೆ ಸಾಕು, ಗೊತ್ತಿತ್ತು.
ಬೊಗಸೆಯಲ್ಲಿ ಎರಡು ಗುಟುಕು ನೀರು ಹಿಡಿದಂತೆ
ಆ ಬಿರುಕು ದಾಟಿಸುತ್ತದೆ.
ಪುರುಸೊತ್ತಾದದ್ದು ಮೂರನೇ ಗುರುವಾರಕ್ಕೆ.
ಹತ್ತರೊಳಗೆ ಬೆಸೆಯಬೇಕು, ಆಮೇಲೆ ಕಡ್ಡಿ ಕಾಯುವುದಿಲ್ಲ.
ಕಾಕೂ ಚಹಾ ಇಟ್ಟರು. ತಡವಾಯಿತು.

ಫ್ರಿಜ್ಜಿನ ಗೊರಗೊರ ನಿಂತಿತು, ನನಗೆ ಕೇಳಿತು.
ಬಲ್ಬು ಮಿಣುಕಿತು, ಕಾಕೂಗೆ ಕಂಡಿತು.
ಯಾರೂ ಇಲ್ಲವೆಂದು ಕೈಯಾಡಿಸಿದೆ;
ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದೇಬಿಟ್ಟರು.

ಎದುರುಮನೆಯ ಝುಂಬರ್‌ಬಾಯಿ ಹೊಸಿಲಲ್ಲಿ,
ಮೇಲಿನ ತಾಂಬಟ್ ಮಾಮಾ ಕಟಕಟೆಗೆ ಬಗ್ಗಿ,
ಕೆಳಗೆ ಬಾಣಂತಿ ಉಜ್ವಲಾ, ಹೆಗಲಿಗೆ ಕೂಸು.
ಹೋದದ್ದು ತಮ್ಮದೊಂದೇ ಮನೆಯದೋ, ವಾಡೆಯದೆಲ್ಲವೋ
ನೋಡಲು ಎಲ್ಲ ಬಾಗಿಲೂ ತೆರೆದಿದ್ದವು.
"ಹೋಯಿತಾ?" ಝುಂಬರ್‌ಬಾಯಿಯ ತುಟಿ ಆಡಿತು.
"ಹೋಯಿತು" ಎಂದರು ಕಾಕೂ, ಇಡೀ ವಾಡೆಗೆ ಕೇಳುವಂತೆ,
ಹೊಸಿಲ ಮೇಲೆ ಕೂತೇಬಿಟ್ಟರು.

ಚಹಾ ತಣ್ಣಗಾಯಿತು.
ಕೆಪಾಸಿಟರು ಜೇಬಿನಲ್ಲಿ ಚಿಲ್ಲರೆಯ ಜತೆ ಉಜ್ಜುತ್ತಿತ್ತು.

ಸರಿಮಾಡಬೇಕು.
ಮುಂದಿನ ಗುರುವಾರ ಬರುತ್ತೇನೆಂದೆ.